ಟ್ರಟ್ಟೋರಿಯಾ

ಟ್ರಟ್ಟೋರಿಯಾ ಎಂಬುದು ಇಟಲಿಯ ಸರಳ ಊಟದ ಮನೆ. ಇವುಗಳಲ್ಲಿ ಹಲವನ್ನು ಒಂದೇ ಕುಟುಂಬದವರು ನಡೆಸುತ್ತಾರೆ. ರಿಸ್ಟೊರಾಂಟೆ ಎನ್ನಲಾಗುವ ಹೋಟೆಲುಗಳಿಗಿಂತ ಇಲ್ಲಿ ಆಡಂಬರವೂ ಬೆಲೆಯೂ ಕಡಿಮೆ. ಆಯಾ ಸೀಮೆಯ ಅಡುಗೆಗೇ ಪ್ರಾಧಾನ್ಯ.

ಬೊಲೋನ್ಯಾ ನಗರದ ಸುತ್ತಮುತ್ತ ಮೊಟ್ಟೆ ಬೆರೆಸಿ ನಾದಿದ ಪಾಸ್ತಾ ಪ್ರಸಿದ್ಧವಾದರೆ, ಉತ್ತರ ಇಟಲಿಯ ಹಲವೆಡೆ ಪೊಲೆಂಟಾ ಮುಖ್ಯ ಆಹಾರ. ಚಾಮರಾಜನಗರ, ಗುಂಡ್ಲುಪೇಟೆಗಳ ರಾಗಿ ಮುದ್ದೆಯಂತೆ ಇದನ್ನೂ ಕುದಿಯುವ ನೀರಿಗೆ ಹಿಟ್ಟು ಹಾಕಿ ತಿರುವಿ ಮಾಡುತ್ತಾರೆ. ಹಿಟ್ಟು ಮಾತ್ರ ಮೆಕ್ಕೆಜೋಳದ್ದು. ಎರಡೂ ಮೂಲತಃ ದುಡಿಯುವವರ ಊಟ.

1986ರಲ್ಲಿ ರೋಮ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆ ಬಂದಾಗ, ಊರೂರಿನ ರುಚಿ ಅಳಿದೀತೆಂಬ ಆತಂಕದಿಂದ ಕಾರ್ಲೋ ಪೆಟ್ರೀನಿ ಮೊದಲಾದವರು ಪ್ರತಿಭಟಿಸಿದರು. ಆ ವಿರೋಧದಿಂದ ಬೆಳೆದ ಸ್ಲೋ ಫುಡ್ ಚಳವಳಿಯು, ಸ್ಥಳೀಯ ಅಡುಗೆಯನ್ನು ಉಳಿಸಿಕೊಂಡಿರುವ ಇಂತಹ ಊಟದ ಮನೆಗಳ ಕೈಪಿಡಿಯನ್ನು 1990ರಿಂದ ಪ್ರಕಟಿಸುತ್ತಿದೆ.