ಮೀಟರಿನ ಮುಳ್ಳು, ಕೇಬಲಿನ ಗುಣ

2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ ಹೊಲಗಳಿಗೆ ನೀರು ನುಗ್ಗಿದ್ದು ನಮ್ಮ ಭಾಗದ ರೈತ ಬಾಂಧವರಿಗೆ ನೆನಪಿದೆ. ಅಂಥ ಕಾಲದಲ್ಲಿ ಟವರಿಗೆ ಕರೆಂಟು ತಪ್ಪಿ ಮೊಬೈಲು ನಿಂತರೆ ಸುದ್ದಿ ಮುಟ್ಟಿಸಬಲ್ಲದ್ದು ಹವ್ಯಾಸಿ ರೇಡಿಯೋ. ಪರೀಕ್ಷೆ ಕೊಟ್ಟು ಕೇಂದ್ರ ಸರಕಾರದ ಲೈಸೆನ್ಸು ಪಡೆದರೆ ಹಳ್ಳಿಯ ತರುಣ ತರುಣಿಯರೂ ಇದನ್ನು ನಡೆಸಬಹುದು. ಆದರೆ ರೇಡಿಯೋ, ಏರಿಯಲ್ಲು ಎರಡೂ ಚೆನ್ನಾಗಿದ್ದು ನಡುವಿನ ಕೇಬಲು ಮೋಸ ಮಾಡುವುದುಂಟು.

ದಪ್ಪ ಮಿಣಿಯ ತುದಿಗೆ ತೆಳ್ಳನೆಯ ದಾರ ಕಟ್ಟಿ ಒಮ್ಮೆ ಜಾಡಿಸಿ ನೋಡಿರಿ. ಅಲೆಯು ಗಂಟಿನವರೆಗೆ ಹೋಗುತ್ತದೆ. ಅಲ್ಲಿಂದ ಒಂದು ಪಾಲು ಮುಂದೆ ಸಾಗಿ, ಒಂದು ಪಾಲು ಹಿಂದಿರುಗುತ್ತದೆ. ರೇಡಿಯೋ ತರಂಗದ ರೀತಿಯೂ ಇದೇ. ಪ್ರತಿಯೊಂದು ಕೇಬಲಿಗೂ ಇಂಪೀಡೆನ್ಸ್ ಎಂಬ ಗುಣವಿದ್ದು, ಅದನ್ನು ಓಮ್ ಲೆಕ್ಕದಲ್ಲಿ ಹೇಳುತ್ತಾರೆ. ಕೇಬಲು ಉದ್ದವಾದಂತೆ ಇದು ಹೆಚ್ಚುವುದಿಲ್ಲ. ಒಳತಂತಿಯ ದಪ್ಪ, ಹೊರಜಾಲರಿಯ ಅಗಲ, ನಡುವಿನ ಪ್ಲಾಸ್ಟಿಕ್ಕು ಇವುಗಳಿಂದ ನಿರ್ಧಾರವಾಗುತ್ತದೆ. ಹವ್ಯಾಸಿ ರೇಡಿಯೋಗಳು ಸಾಮಾನ್ಯವಾಗಿ 50 ಓಮಿನವು, ಟಿ.ವಿ. ಡಿಶ್ಶಿನ ಕೇಬಲು 75 ಓಮಿನದು. ಎಷ್ಟು ತರಂಗ ಹಿಂದಿರುಗಿತೆಂದು ಎಸ್.ಡಬ್ಲ್ಯು.ಆರ್. ಮೀಟರು ತೋರಿಸುತ್ತದೆ. 1 ಎಂದರೆ ಏನೂ ಹಿಂದಿರುಗಿಲ್ಲ, 1.5 ಎಂದರೆ ನೂರಕ್ಕೆ 4 ಪಾಲು ಶಕ್ತಿ ಹಿಂದಿರುಗಿದೆ.

ಟಿ.ವಿ. ಕೇಬಲು ಅಗ್ಗ, ಎಲ್ಲ ಪೇಟೆಗಳಲ್ಲಿಯೂ ಸಿಗುತ್ತದೆ. ಅದನ್ನು 50 ಓಮಿನ ಏರಿಯಲ್ಲಿಗೆ ಜೋಡಿಸಿದರೆ ಕೇಬಲಿನೊಳಗಿನ ನಿಜವಾದ ಲೆಕ್ಕ 1.5. ಆದರೆ 50 ಓಮಿಗೆಂದು ಮಾಡಿದ ಮೀಟರು ಕೇಬಲಿನ ಉದ್ದಕ್ಕೆ ತಕ್ಕಂತೆ 1ರಿಂದ 2.25ರವರೆಗೆ ಏನನ್ನಾದರೂ ತೋರಿಸೀತು. 145 ಮೆಗಾಹರ್ಟ್ಸಿನಲ್ಲಿ ಸುಮಾರು 42 ಸೆಂಟಿಮೀಟರು ಕತ್ತರಿಸಿದರೆ ಸಾಕು, 2.25 ಇದ್ದದ್ದು 1ಕ್ಕೆ ಇಳಿಯಬಹುದು. ಏರಿಯಲ್ಲು ಸುಧಾರಿಸಿತೆಂದು ಹಿಗ್ಗುವವರಿದ್ದಾರೆ! ಏರಿಯಲ್ಲು ಮೊದಲಿದ್ದ ಹಾಗೆಯೇ ಇದೆ. ಇನ್ನು ಎರಡು ತೋಳಿನ ಸಾದಾ ಡೈಪೋಲ್ ಏರಿಯಲ್ಲು ಸುಮಾರು 73 ಓಮಿನದಾದ್ದರಿಂದ ಅದಕ್ಕೆ ಟಿ.ವಿ. ಕೇಬಲೇ ಹೊಂದುತ್ತದೆ, ಮೀಟರು 1.5 ತೋರಿಸಿದರೂ ಚಿಂತಿಸಬೇಕಾಗಿಲ್ಲ.

ಹೆಚ್ಚಿನ ಅಪಾಯ ಬೇರೆಯೇ ಇದೆ. ಮಳೆಗಾಲದಲ್ಲಿ ಜೋಡಣೆಯ ಸಂದಿನಿಂದ ನೀರಿಳಿದ ಕೇಬಲು, 50 ಓಮಿನದೇ ಆಗಿರಲಿ, ತರಂಗ ಹೋಗುವಾಗಲೂ ಬರುವಾಗಲೂ ಶಕ್ತಿಯನ್ನು ಹೀರುತ್ತದೆ. ಹಿಂದಿರುಗಿದ ತರಂಗ ಮೀಟರಿಗೆ ಮುಟ್ಟದೆ ಮುಳ್ಳು 1ರ ಹತ್ತಿರ ನಿಲ್ಲುತ್ತದೆ. ನೋಡಿದವರು ಎಲ್ಲವೂ ಸರಿಯಿದೆ ಎನ್ನುತ್ತಾರೆ; ಪ್ರವಾಹದ ರಾತ್ರಿ ಕೂಗಿದರೆ ಆಚೆಯವರಿಗೆ ಕೇಳಿಸದು. ಆದುದರಿಂದ ಮೀಟರನ್ನು ಏರಿಯಲ್ಲಿನ ಬುಡದಲ್ಲಿಯೂ ಜೋಡಿಸಿ, ಕಡಿಮೆ ಶಕ್ತಿಯಲ್ಲಿ ಒಮ್ಮೆ ನೋಡಬೇಕು. 50 ಓಮಿನ ಕೇಬಲಿನಲ್ಲಿ ಕೆಳಗಿನ ಅಂಕಿಗಿಂತ ಮೇಲಿನದು ಬಹಳ ಹೆಚ್ಚಿದ್ದರೆ ಏರಿಯಲ್ಲನ್ನೂ ಕೇಬಲನ್ನೂ ಪರೀಕ್ಷಿಸತಕ್ಕದ್ದು. ಮುಂಗಾರಿಗೆ ಮುಂಚೆಯೇ ಸಂದಿಗೆ ರಬ್ಬರು ಟೇಪು ಬಿಗಿಯಾಗಿ ಸುತ್ತಿ, ಕೇಬಲು ಮನೆಯೊಳಗೆ ಹೊಗುವಲ್ಲಿ ನೀರು ತೊಟ್ಟಿಕ್ಕುವಂತೆ ಕೆಳಮುಖವಾಗಿ ಒಂದು ಬಾಗು ಕೊಡಿರಿ.