ದೀಪ ಹತ್ತಿದರೆ ಸಾಲದು

ಮನೆಯಲ್ಲಿ ಹೊಸದೊಂದು ಸ್ವಿಚ್ಚನ್ನು ಹಾಕಿಸುತ್ತೇವೆ. ಒತ್ತಿದೊಡನೆ ದೀಪ ಹತ್ತುತ್ತದೆ. ಮತ್ತೆ ಒತ್ತಿದರೆ ಆರುತ್ತದೆ. ಕೆಲಸ ಸರಿಯಾಯಿತೆಂದು ತೃಪ್ತರಾಗುತ್ತೇವೆ. ಆದರೆ ಸ್ವಿಚ್ಚು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯಲ್ಲಿದ್ದರೂ ದೀಪ ಹಾಗೆಯೇ ಹತ್ತಿ ಆರುವುದು! ಆಗ, ಆರಿದ ದೀಪದ ಹೋಲ್ಡರಿನಲ್ಲಿಯೂ 230 ವೋಲ್ಟಿನ ಒತ್ತಡ ಉಳಿದಿರುತ್ತದೆ. ಬಲ್ಬು ಬದಲಿಸಹೋದವನ ಪ್ರಾಣಕ್ಕೇ ಅದು ಅಪಾಯ.

ಇಂತಹ ದೋಷ ಕಣ್ಣಿಗೆ ಕಾಣದು. ಆದುದರಿಂದಲೇ ಬ್ರಿಟನ್ನಿನ ಬಿ.ಎಸ್. 7671 ಎಂಬ ನಿಯಮಾವಳಿಯು ಕಿರುಗೆಲಸಕ್ಕೂ ಪರೀಕ್ಷೆ ಮತ್ತು ಪ್ರಮಾಣಪತ್ರಗಳನ್ನು ವಿಧಿಸಿದೆ. ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಅರ್ತ್ ತಂತಿ ಎಲ್ಲಿಯೂ ತುಂಡಾಗಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ತಂತಿಗಳ ನಡುವೆ 500 ವೋಲ್ಟಿನ ಏಕಮುಖ ಒತ್ತಡವನ್ನು ಕೊಟ್ಟು ಹೊದಿಕೆಯ ರೋಧವನ್ನು ಅಳೆಯುತ್ತಾರೆ. ಅದು ಹತ್ತು ಲಕ್ಷ ಓಮ್‌ಗಳಿಗೆ ಕಡಿಮೆಯಿರಕೂಡದು. ಸ್ವಿಚ್ಚು ಫೇಸಿನಲ್ಲಿಯೇ ಇದೆಯೇ ಎಂದೂ ನೋಡುತ್ತಾರೆ.

ಕೊನೆಯದು, ಫೇಸ್ ತಂತಿಯು ಅರ್ತಿಗೆ ತಗುಲಿದಾಗ ಪ್ರವಾಹ ಹರಿಯುವ ಮಾರ್ಗದ ಅಳತೆ. ಇಲ್ಲಿ ಓಮನ ನಿಯಮವನ್ನು ಅನ್ವಯಿಸೋಣ. ಆ ಮಾರ್ಗದ ರೋಧ 1 ಓಮ್ ಆದರೆ 230 ಆಂಪೇರ್ ಹರಿದು ಫ್ಯೂಸು ಒಡನೆ ಕರಗುವುದು. 100 ಓಮ್ ಆದರೆ ಹರಿಯುವುದು 2.3 ಆಂಪೇರ್ ಮಾತ್ರ. 5 ಆಂಪೇರಿನ ಫ್ಯೂಸು ಕರಗುವುದೇ ಇಲ್ಲ, ಅಪಾಯ ಹಾಗೆಯೇ ಉಳಿಯುತ್ತದೆ.

ಈ ಅಳತೆಗಳನ್ನು ಬರೆದು, ಕೆಲಸ ಮಾಡಿದವನು ರುಜು ಹಾಕುತ್ತಾನೆ. ಹತ್ತಿದ ದೀಪ ಹೇಳಲಾರದುದನ್ನು ಆ ಪತ್ರ ಹೇಳುತ್ತದೆ.