ಹೊಸ ಪಟ್ಟಿಗೆ ಹೊಸ ಹೆಸರು: ಕರಾಟೆಯ ಕವಲುಗಳು ಹುಟ್ಟಿದ ಬಗೆ

ಗುರುಗುಂಟಾ ಮತ್ತು ಮಸ್ಕಿ ಕೆಲ ವರ್ಷಗಳ ಹಿಂದಿನವರೆಗೂ ಲಿಂಗಸುಗೂರು ಎಂಬ ಒಂದೇ ತಾಲ್ಲೂಕಿಗೆ ಸೇರಿದ್ದ ಊರುಗಳು. 1915ರಲ್ಲಿ ಚಿನ್ನದ ಜಾಡು ಹಿಡಿದು ಬಂದಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಮಸ್ಕಿಯಲ್ಲಿ ಒಂದು ಬಂಡೆ ಶಾಸನ ಕಾಣಿಸಿತು. ಅದುವರೆಗೆ ದೇಶದ ನಾನಾ ಕಡೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ಅರಸನ ಹೆಸರು ಇರಲಿಲ್ಲ. ಅವನು ಅಶೋಕನೇ ಇರಬೇಕು ಎಂಬ ವಿದ್ವಾಂಸರ ಊಹೆಗೆ ಮುದ್ರೆ ಒತ್ತಿದ್ದು ಮಸ್ಕಿಯ ಬಂಡೆ. ಬಿರುದು ಎಷ್ಟೇ ದೊಡ್ಡದಿರಲಿ, ಹೆಸರಿಲ್ಲದಿದ್ದರೆ ಮನುಷ್ಯ ಯಾರೆಂದು ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಈ ಸೀಮೆಯಲ್ಲಿ ಬೇಕಿಲ್ಲ.

ಇಂದು ತಾಲ್ಲೂಕು ಕೇಂದ್ರಗಳಲ್ಲಿ, ದೊಡ್ಡ ಹೋಬಳಿ ಊರುಗಳಲ್ಲಿ ಕಾಣುವ ಕರಾಟೆ ಶಾಲೆಗಳ ಫಲಕಗಳಲ್ಲಿ ಬಿರುದೂ ಇರುತ್ತದೆ, ಹೆಸರೂ ಇರುತ್ತದೆ. ಆದರೆ ಆ ಹೆಸರುಗಳ ಅರ್ಥವೇನು? ಶೊಟೊಕಾನ್, ಶಿಟೊ-ರ್ಯು, ಗೋಜು-ರ್ಯು ಎಂಬವು ಎಲ್ಲಿಂದ ಬಂದವು? ಒಬ್ಬ ತರುಣ ಶಿಕ್ಷಕನನ್ನು ಊಹಿಸಿಕೊಳ್ಳೋಣ. ಅವನು ಒಬ್ಬ ಗುರುವಿನಿಂದ ಒಂದು ಪದ್ಧತಿ, ಇನ್ನೊಬ್ಬರಿಂದ ಮತ್ತೊಂದು ಪದ್ಧತಿ ಕಲಿತಿದ್ದಾನೆ. ಜೊತೆಗೆ ಊರ ಗರಡಿಯ ನಾಲ್ಕು ಪಟ್ಟುಗಳೂ ಗೊತ್ತು. ಇವನ್ನೆಲ್ಲ ಕೂಡಿಸಿ ಮಕ್ಕಳಿಗೆ ಹೇಳಿಕೊಡುವಾಗ ಅದನ್ನು ಏನೆಂದು ಕರೆಯಬೇಕು? ಹೊಸ ಹೆಸರಿಡಲು ಅವನಿಗೆ ಹಕ್ಕಿದೆಯೇ?

ಈ ಪ್ರಶ್ನೆ ಹೊಸದಲ್ಲ. ಇಂದು ಪುರಾತನ ಎಂದು ನಾವು ತಿಳಿದಿರುವ ಕರಾಟೆ ಪದ್ಧತಿಗಳ ಹೆಸರುಗಳೆಲ್ಲ ಇದೇ ಪ್ರಶ್ನೆಗೆ ಕಳೆದ ಶತಮಾನದಲ್ಲಿ ದೊರೆತ ಉತ್ತರಗಳು.

ಹೆಸರಿಲ್ಲದ ಕೈ

ಕರಾಟೆಯ ತವರು ಒಕಿನಾವಾ ದ್ವೀಪ. ರ್ಯುಕ್ಯು ಎಂಬ ಸ್ವತಂತ್ರ ರಾಜ್ಯವಾಗಿದ್ದ ಇದನ್ನು ಜಪಾನ್ 1879ರಲ್ಲಿ ತನ್ನ ಪ್ರಾಂತವಾಗಿ ಮಾಡಿಕೊಂಡಿತು. ಅಲ್ಲಿನ ಜನ ತಮ್ಮ ವಿದ್ಯೆಯನ್ನು ಕರೆಯುತ್ತಿದ್ದುದು ಬರೀ ‘ತೆ’ ಎಂದು, ಅಂದರೆ ‘ಕೈ’. ಚೀನಾದಿಂದ ಬಂದ ವರಸೆಗಳು ಸೇರಿದ್ದರಿಂದ ‘ಚೀನೀ ಕೈ’ ಎಂದೂ ಹೇಳುತ್ತಿದ್ದರು. ಶುರಿ, ನಾಹಾ, ತೊಮಾರಿ ಎಂಬ ಮೂರು ಊರುಗಳ ಪಾಠದಲ್ಲಿ ವ್ಯತ್ಯಾಸವಿತ್ತು. ಹಾಗಾಗಿ ಊರ ಹೆಸರು ಹಿಡಿದು ಶುರಿ-ತೆ, ನಾಹಾ-ತೆ, ತೊಮಾರಿ-ತೆ ಎಂದು ಗುರುತಿಸುವುದು ಬಳಕೆಗೆ ಬಂತು.

ಗುರುಗುಂಟಾ ಅಮರೇಶ್ವರ ಎಂದು ದೇವರನ್ನೇ ಊರಿನ ಹೆಸರು ಸೇರಿಸಿ ಕರೆಯುವವರಿಗೆ ಇದು ವಿಚಿತ್ರವೆನಿಸದು. ನಮ್ಮ ಸಂಗೀತದಲ್ಲೂ ಹೀಗೆಯೇ. ಕಿರಾಣಾ ಘರಾಣೆಗೆ ಆ ಹೆಸರು ಬಂದದ್ದು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಿಂದ. ಅದು ಫಲ ಕೊಟ್ಟದ್ದು ಮಾತ್ರ ಕುಂದಗೋಳ, ಗದಗ, ಹುಬ್ಬಳ್ಳಿಗಳ ನೆಲದಲ್ಲಿ. ‘ರ್ಯು’ ಎಂಬ ಜಪಾನಿ ಮಾತಿನ ಅರ್ಥವೂ ಹರಿಯುವ ಧಾರೆ, ಪರಂಪರೆ ಎಂದೇ. ಘರಾಣೆ ಎಂಬ ಮಾತನ್ನು ಅದರ ಪಕ್ಕದಲ್ಲಿ ಇಟ್ಟು ನೋಡಬಹುದು.

ಬೆರಕೆಗೆ ಇಟ್ಟ ಮೊದಲ ಹೆಸರು

ಹಳೆಯ ಧಾರೆಗಳನ್ನು ಕೂಡಿಸಿ ಹೊಸ ಹೆಸರಿಡುವುದಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟವರು ಜೂಡೊದ ಜಿಗೊರೊ ಕಾನೊ. 1882ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಅವರು ಶಾಲೆ ತೆರೆದರು. ಜುಜುತ್ಸುವಿನ ಎರಡು ಪರಂಪರೆಗಳನ್ನು ಕಲಿತಿದ್ದ ಕಾನೊ, ಅಪಾಯದ ಪಟ್ಟುಗಳನ್ನು ಬಿಟ್ಟು ಉಳಿದವನ್ನು ಹೊಸದಾಗಿ ಜೋಡಿಸಿದರು. ‘ಜುತ್ಸು’ ಅಂದರೆ ಕೌಶಲ; ಅದನ್ನು ತೆಗೆದು ‘ಡೊ’, ಅಂದರೆ ‘ದಾರಿ’ ಎಂದು ಬದಲಿಸಿದರು. ಒಂದೇ ಅಕ್ಷರದ ಬದಲಾವಣೆ. ಆದರೆ ಇದು ಹೊಡೆದಾಟದ ವಿದ್ಯೆಯಲ್ಲ, ಬದುಕಿನ ಶಿಕ್ಷಣ ಎಂಬ ಮಾತು ಅದರಲ್ಲಿ ಅಡಗಿತ್ತು. ಕಪ್ಪು ಪಟ್ಟಿ ಮತ್ತು ‘ಡಾನ್’ ದರ್ಜೆಗಳು ಶುರುವಾದದ್ದೂ ಜೂಡೊದಲ್ಲಿಯೇ. ಕರಾಟೆಗೆ ಅವು ಬಂದದ್ದು 1924ರಲ್ಲಿ.

ಒಕಿನಾವಾದಿಂದ ಶಾಲಾ ಶಿಕ್ಷಕ ಗಿಚಿನ್ ಫುನಾಕೋಶಿ ಟೋಕಿಯೊಗೆ ಹೋಗಿ ಕರಾಟೆ ಪ್ರದರ್ಶಿಸಿದ್ದು 1922ರಲ್ಲಿ. ಅವರು ಕವಿತೆ ಬರೆಯುತ್ತಿದ್ದರು. ‘ಶೊಟೊ’ ಎಂಬುದು ಅವರ ಕಾವ್ಯನಾಮ. ಪೈನ್ ಮರಗಳಲ್ಲಿ ಗಾಳಿ ಬೀಸಿದಾಗ ಕೇಳುವ ಅಲೆಯಂಥ ಸದ್ದು ಎಂದು ಅದರ ಅರ್ಥ. 1930ರ ದಶಕದಲ್ಲಿ ಶಿಷ್ಯರು ಅವರಿಗೊಂದು ತಾಲೀಮು ಮನೆ ಕಟ್ಟಿಸಿ ‘ಶೊಟೊಕಾನ್’, ಅಂದರೆ ಶೊಟೊ ಅವರ ಮನೆ, ಎಂದು ಫಲಕ ಹಾಕಿದರು. ಜಗತ್ತಿನಲ್ಲಿ ಅತಿ ಹೆಚ್ಚು ಮಂದಿ ಕಲಿಯುವ ಕರಾಟೆ ಪದ್ಧತಿಗಳಲ್ಲೊಂದರ ಹೆಸರು ಹೀಗೆ ಒಂದು ಕಟ್ಟಡದ ಹೆಸರು. ಕಟ್ಟಡ 1945ರ ವಾಯುದಾಳಿಯಲ್ಲಿ ಸುಟ್ಟುಹೋಯಿತು; ಹೆಸರು ಉಳಿಯಿತು.

ಕೇಳಿದವರಿಗೆ ಉತ್ತರ

ಗೋಜು-ರ್ಯು ಹುಟ್ಟಿದ ಕಥೆ ಇನ್ನೂ ಸ್ವಾರಸ್ಯಕರ. ನಾಹಾದ ಚೋಜುನ್ ಮಿಯಾಗಿ ಅವರ ಶಿಷ್ಯ ಜಿನಾನ್ ಶಿಂಜಾತೊ 1930ರಲ್ಲಿ ಟೋಕಿಯೊದ ಒಂದು ಸಮಾರಂಭದಲ್ಲಿ ಪ್ರದರ್ಶನ ನೀಡಿದಾಗ, ನಿಮ್ಮದು ಯಾವ ಪರಂಪರೆ ಎಂಬ ಪ್ರಶ್ನೆ ಬಂತಂತೆ. ಹೇಳಲು ಹೆಸರೇ ಇರಲಿಲ್ಲ. ಶಿಷ್ಯ ಏನೋ ಒಂದು ಉತ್ತರ ಕೊಟ್ಟು ಊರಿಗೆ ಮರಳಿ ಗುರುವಿಗೆ ತಿಳಿಸಿದ. ಮಿಯಾಗಿ ಯೋಚಿಸಿ, ಒಕಿನಾವಾದ ಗುರುಗಳು ಕೈಬರಹದಲ್ಲಿ ಕಾಪಾಡಿಕೊಂಡು ಬಂದಿದ್ದ ಒಂದು ಚೀನೀ ಗ್ರಂಥದಿಂದ ‘ಗೋ’ ಮತ್ತು ‘ಜು’ ಎಂಬ ಎರಡು ಮಾತುಗಳನ್ನು ಆಯ್ದರು: ಕಠಿಣ ಮತ್ತು ಮೃದು. 1933ರಲ್ಲಿ ಆ ಹೆಸರು ಕ್ಯೋಟೊದ ಬುತೊಕುಕಾಯ್ ಎಂಬ ರಾಷ್ಟ್ರೀಯ ಸಂಸ್ಥೆಯಲ್ಲಿ ದಾಖಲಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ವಿದ್ಯೆ ಮೊದಲು, ಹೆಸರು ಆಮೇಲೆ. ಹೆಸರಿಟ್ಟು ವಿದ್ಯೆ ಹುಡುಕಿದ್ದಲ್ಲ.

ಮಿಯಾಗಿಯವರ ಗೆಳೆಯ ಕೆನ್ವಾ ಮಬುನಿ ಅವರದು ಸ್ಪಷ್ಟವಾಗಿಯೇ ಬೆರಕೆ. ಶುರಿಯ ಅಂಕೊ ಇತೊಸು, ನಾಹಾದ ಕನ್‌ರ್ಯೊ ಹಿಗಾವೊನ್ನಾ, ಇಬ್ಬರ ಬಳಿಯೂ ಅವರು ಕಲಿತಿದ್ದರು. ಒಸಾಕಾದಲ್ಲಿ ನೆಲೆಸಿ ಶಾಲೆ ನಡೆಸಿದ ಮಬುನಿ ಇಬ್ಬರು ಗುರುಗಳ ಹೆಸರಿನ ಮೊದಲ ಅಕ್ಷರಗಳನ್ನು ಪಕ್ಕಪಕ್ಕದಲ್ಲಿ ಬರೆದರು. ಆ ಅಕ್ಷರಗಳನ್ನು ಇನ್ನೊಂದು ಬಗೆಯಲ್ಲಿ ಉಚ್ಚರಿಸಿದರೆ ‘ಶಿ’ ಮತ್ತು ‘ಟೊ’. ಅದೇ ಶಿಟೊ-ರ್ಯು. ತಮ್ಮ ಹೆಸರಿನ ಒಂದು ಅಕ್ಷರವನ್ನೂ ಅವರು ಅದರಲ್ಲಿ ಸೇರಿಸಲಿಲ್ಲ. ಗುರುಋಣವನ್ನು ಹೆಸರಿನಲ್ಲೇ ಬರೆದಿಟ್ಟ ಉದಾಹರಣೆ ಇದು.

‘ಕರಾಟೆ’ ಎಂಬ ಹೆಸರೂ ಹೀಗೆ ಕೂತು ನಿರ್ಧರಿಸಿದ್ದೇ. ‘ಚೀನೀ ಕೈ’ ಎಂಬುದರ ಬದಲು ಅದೇ ಉಚ್ಚಾರದ, ‘ಬರಿಗೈ’ ಎಂಬ ಅರ್ಥದ ಅಕ್ಷರಗಳನ್ನು ಬಳಸುವುದು ಆಗಲೇ ಶುರುವಾಗಿತ್ತು. ರ್ಯುಕ್ಯು ಶಿಂಪೊ ಎಂಬ ದಿನಪತ್ರಿಕೆ 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಹಿರಿಯ ಗುರುಗಳನ್ನು ಒಂದೆಡೆ ಸೇರಿಸಿತು. ಚರ್ಚೆಯ ನಂತರ ‘ಬರಿಗೈ’ಗೆ ಒಪ್ಪಿಗೆ ಸಿಕ್ಕಿತು. ಜಪಾನ್ ಚೀನಾದ ಮೇಲೆ ಯುದ್ಧಕ್ಕೆ ಹೊರಟಿದ್ದ ಕಾಲ ಅದು. ಹೆಸರಿನಿಂದ ‘ಚೀನಾ’ ಜಾರಿದ್ದರಲ್ಲಿ ರಾಜಕೀಯವೂ ಇತ್ತು. ಹೊಸ ಹೆಸರು ಹಳೆಯ ಋಣವೊಂದನ್ನು ಮರೆಸಿತೆಂದೂ ಹೇಳಬಹುದು. ಅದೇ ದಿನವನ್ನು ಒಕಿನಾವಾ ಈಗ ಕರಾಟೆ ದಿನವಾಗಿ ಆಚರಿಸುತ್ತದೆ.

ಹೆಸರಿನ ಬೆಲೆ

ಹೊಸ ಹೆಸರಿಟ್ಟವರು ಬೆಲೆ ತೆತ್ತದ್ದೂ ಉಂಟು. ಒಕಿನಾವಾದ ತಾತ್ಸುವೊ ಶಿಮಾಬುಕು ಶೋರಿನ್ ಮತ್ತು ಗೋಜು ಎರಡನ್ನೂ ಕಲಿತವರು. 1956ರ ಜನವರಿ 15ರಂದು ಅವರು ತಮ್ಮ ಪದ್ಧತಿಗೆ ‘ಇಶಿನ್-ರ್ಯು’, ಅಂದರೆ ‘ಏಕಚಿತ್ತ’ದ ಧಾರೆ, ಎಂದು ಹೆಸರಿಟ್ಟರು. ಕೆಲವು ಶಿಷ್ಯರಿಗೆ ಇದು ರುಚಿಸದೆ ದೂರವಾದರು. ಸ್ವಂತ ತಮ್ಮನೂ ಬೇರೆ ದಾರಿ ಹಿಡಿದ. ಆದರೆ ಶಿಮಾಬುಕು ಬದಲಿಸಿದ್ದು ಹೆಸರನ್ನು ಮಾತ್ರವಲ್ಲ. ಮುಷ್ಟಿಯನ್ನು ತಿರುಚದೆ ಹೆಬ್ಬೆರಳು ಮೇಲಿರುವಂತೆ ನೇರವಾಗಿ ಹೊಡೆಯುವುದು ಅವರ ಪಾಠ. ಬರಿಗೈಯ ಎಂಟು ‘ಕಟಾ’ಗಳಲ್ಲಿ (ಕ್ರಮಬದ್ಧ ವರಸೆಗಳು) ಏಳು ಗುರುಗಳಿಂದ ಬಂದವು, ತಮ್ಮದು ಒಂದೇ. ಏನನ್ನು ಉಳಿಸಿಕೊಂಡೆ, ಏನನ್ನು ಬದಲಿಸಿದೆ ಎಂದು ಅವರು ಲೆಕ್ಕ ಒಪ್ಪಿಸಬಲ್ಲವರಾಗಿದ್ದರು. ದ್ವೀಪದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಕಲಿತು ಅದನ್ನು ಹೊರಗೆ ಒಯ್ದರು. ನೆರೆಯ ತಮಿಳುನಾಡಿನಲ್ಲೂ ಇಂದು ಇಶಿನ್-ರ್ಯು ಶಾಲೆಗಳಿವೆ.

ಹವಾಯಿಯಲ್ಲಿ 1940ರ ದಶಕದ ಕೊನೆಗೆ ಐವರು ಗೆಳೆಯರು ತಮ್ಮ ತಮ್ಮ ವಿದ್ಯೆಗಳನ್ನು ಕೂಡಿಸಿ, ಕರಾಟೆಯಿಂದ ‘ಕ’, ಜೂಡೊ ಮತ್ತು ಜುಜುತ್ಸುವಿನಿಂದ ‘ಜು’, ಕೆಂಪೊದಿಂದ ‘ಕೆನ್’, ಬಾಕ್ಸಿಂಗ್‌ನಿಂದ ‘ಬೊ’ ತೆಗೆದು ‘ಕಜುಕೆನ್‌ಬೊ’ ಎಂದರು. ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ರೈತ ಎಷ್ಟು ಸಾಲಿಗೆ ಯಾವ ಬೆಳೆ ಎಂದು ಹೇಳಬಲ್ಲ ಹಾಗೆ, ಇದರಲ್ಲಿ ಬೆರಕೆಯ ಲೆಕ್ಕ ಹೆಸರಿನಲ್ಲೇ ಬಯಲಾಗಿದೆ.

ಇನ್ನು ‘ಎಂಟರ್ ದಿ ಡ್ರ್ಯಾಗನ್’ ಖ್ಯಾತಿಯ ಬ್ರೂಸ್ ಲೀ. 1967ರಲ್ಲಿ ತನ್ನ ವಿಧಾನಕ್ಕೆ ‘ಜೀತ್ ಕುನೆ ಡೊ’ ಎಂದು ಹೆಸರಿಟ್ಟ ಆತನಿಗೆ ಆಮೇಲೆ ಹೆಸರಿಟ್ಟದ್ದೇ ತಪ್ಪಾಯಿತೇನೋ ಎನಿಸಿತ್ತು. ಹೆಸರು ಬಂದೊಡನೆ ಜನ ಅದನ್ನು ಮತ್ತೊಂದು ಕಟ್ಟುಪಾಡಾಗಿ ಮಾಡಿಕೊಳ್ಳುತ್ತಾರೆ ಎಂಬುದು ಆತನ ಅಳುಕು. ಕ್ಯೋಕುಶಿನ್ ಸ್ಥಾಪಿಸಿದ ಮಸುತಾತ್ಸು ಒಯಾಮಾ 1994ರಲ್ಲಿ ತೀರಿಕೊಂಡ ಮೇಲೆ ಆ ಸಂಸ್ಥೆ ಹಲವು ಹೋಳಾಯಿತು. ಹೆಸರು ಯಾರದು ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿತು.

ಇಲ್ಲಿನ ನೆಲದ ರೀತಿ

ಮಲ್ಲವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ದರ್ಜೆ, ಆಹಾರ, ಸಾಮು, ಪಟ್ಟುಗಳ ವಿವರವಿದೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವೂ ಪ್ರಸಿದ್ಧ. ಆದರೆ ಇವು ಗುರುತಾಗಿರುವುದು ಜಟ್ಟಿಗಳ ಮನೆತನದಿಂದ, ಕೈಗೆ ತೊಡುವ ಆಯುಧದಿಂದ. ಒಬ್ಬ ಸ್ಥಾಪಕನ ಹೆಸರಿನಿಂದಲ್ಲ. ಹಾಡುಗಾರಿಕೆಯಲ್ಲಿಯೂ ಮಲ್ಲಿಕಾರ್ಜುನ ಮನಸೂರರು ಮೊದಲು ಗ್ವಾಲಿಯರ್, ಬಳಿಕ ಜೈಪುರ-ಅತ್ರೌಲಿ ಕಲಿತರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳಿಂದ ಹಿಡಿದು ಹಲವು ಗುರುಗಳ ಬಳಿ ಕಲಿತರು. ಇಬ್ಬರೂ ಹೊಸ ಘರಾಣೆಯ ಫಲಕ ಹಾಕಲಿಲ್ಲ. ಹಲವು ನೀರು ಕುಡಿದವರೆಲ್ಲ ಹೊಸ ಬಾವಿ ತೋಡಲೇಬೇಕೆಂದಿಲ್ಲ.

ಹಾಗಾದರೆ ಆ ತರುಣ ಶಿಕ್ಷಕ ಏನು ಮಾಡಬೇಕು? ಹೆಸರಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಕಾನೊ, ಮಬುನಿ, ಶಿಮಾಬುಕು ಯಾರೂ ಅಪ್ಪಣೆ ಕೇಳಿ ಶುರುಮಾಡಿದವರಲ್ಲ. ಆದರೆ ಆ ಹೆಸರಿನ ಭಾರ ಹೊರುವುದು ಅವನೊಬ್ಬನೇ ಅಲ್ಲ, ಅವನ ಬಳಿ ಕಲಿಯುವ ಮಕ್ಕಳೂ ಹೊರುತ್ತಾರೆ. ವಿಶ್ವ ಕರಾಟೆ ಒಕ್ಕೂಟ ಗುರುತಿಸುವ ಪ್ರಮುಖ ಪದ್ಧತಿಗಳು ನಾಲ್ಕು: ಗೋಜು, ಶಿಟೊ, ಶೊಟೊಕಾನ್, ವಾಡೊ. ಒಕ್ಕೂಟದ ಸ್ಪರ್ಧೆಯಲ್ಲಿ ಮಾಡಬಹುದಾದ ಕಟಾಗಳಿಗೆ ಒಂದು ಪಟ್ಟಿ ಇದೆ. ಶಿಕ್ಷಕ ತಾನೇ ಹೆಣೆದ ಕಟಾವನ್ನಷ್ಟೇ ಕಲಿತ ಹುಡುಗಿ, ಎಷ್ಟೇ ಚೆನ್ನಾಗಿ ಮಾಡಿದರೂ, ಅಲ್ಲಿ ಅಂಕಣದಿಂದ ಹೊರಗೆ. ಐದಾರು ವರ್ಷ ಬೆವರು ಸುರಿಸಿ ಪಡೆದ ಕಪ್ಪು ಪಟ್ಟಿ ಪಕ್ಕದ ಜಿಲ್ಲೆಯಲ್ಲಿ ನಡೆಯದಿದ್ದರೆ ಅವಳಿಗಾಗುವ ನಿರಾಸೆ ಸಣ್ಣದಲ್ಲ. ಹಾಗೆಂದು ಚಿಕ್ಕ ಪರಂಪರೆಗಳೆಲ್ಲ ನಿಷ್ಪ್ರಯೋಜಕವೂ ಅಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಕಟಾ ಚಿನ್ನ ಗೆದ್ದ ಒಕಿನಾವಾದ ರಿಯೊ ಕಿಯುನಾ, ಬಹುಕಾಲ ಒಂದೇ ಕುಟುಂಬದೊಳಗೆ ಉಳಿದಿದ್ದ ರ್ಯುಎಯ್-ರ್ಯು ಪರಂಪರೆಯವರು.

ಆದ್ದರಿಂದ ಫಲಕದ ಮೇಲಿನ ಹೆಸರು ನೋಡಿದ ತಂದೆ-ತಾಯಿ ಮೂರು ಪ್ರಶ್ನೆ ಕೇಳಿದರೆ ಸಾಕು. ಇದನ್ನು ಯಾರಿಂದ ಕಲಿತಿರಿ? ಅದರಲ್ಲಿ ಏನನ್ನು, ಏಕೆ ಬದಲಿಸಿದಿರಿ? ನಮ್ಮ ಮಗು ಪಡೆಯುವ ಪಟ್ಟಿ ಎಲ್ಲೆಲ್ಲಿ ಸಲ್ಲುತ್ತದೆ? ಮೂರಕ್ಕೂ ನೇರ ಉತ್ತರ ಕೊಡಬಲ್ಲ ಶಿಕ್ಷಕನ ಹೊಸ ಹೆಸರನ್ನು ಅನುಮಾನದಿಂದ ನೋಡಬೇಕಾಗಿಲ್ಲ. ಉತ್ತರದ ಬದಲು ಬಿರುದುಗಳ ಪಟ್ಟಿ ಬಂದರೆ, ಮಸ್ಕಿಯ ಬಂಡೆ ನೆನಪಾಗಲಿ: ದೇವಾನಾಂಪ್ರಿಯ ಎಂದು ಎಷ್ಟು ಕಡೆ ಕೊರೆಸಿದ್ದರೂ, ಆಳು ಯಾರೆಂದು ಖಚಿತವಾದದ್ದು ಹೆಸರು ಕಂಡ ಮೇಲೆಯೇ.